ಎಲೆಕ್ಟ್ರಿಕ್ ಕಾರಿನ ಏಸಿ ಗ್ಯಾಸ್ ಸೋರಿಕೆ: ಪತ್ತೆ ಮತ್ತು ರಿಪೇರಿ

"ಗ್ಯಾಸ್ ಕಡಿಮಿ ಆಗೇತ್ರಿ, ತುಂಬಿ ಕೊಡ್ರಿ" ಎಂದು ಗಿರಾಕಿ ಬಂದಾಗ ಸಿಲಿಂಡರ್ ತೆಗೆಯುವ ಮೊದಲು ಒಂದು ಮಾತು ಹೇಳಿಬಿಡಿ. ಏಸಿ ಗ್ಯಾಸ್ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಪೆಟ್ರೋಲ್ ಕಾರಿಗೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಿ ಕಾಲ ತಳ್ಳುವವರಿದ್ದಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬ್ಯಾಟರಿಗೆ ಕೂಲಂಟ್ (ತಂಪಿಡುವ ದ್ರವ) ಹರಿಯುವ ಬಹಳಷ್ಟು ಮಾದರಿಗಳಲ್ಲಿ ಆ ಕೂಲಂಟನ್ನು ತಣಿಸುವುದೂ ಇದೇ ಗ್ಯಾಸು, ಚಿಲ್ಲರ್ ಎಂಬ ಶಾಖ ಬದಲಿಸುವ ಭಾಗದ ಮೂಲಕ. ವಿಜಯಪುರದ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿದಾಗ ಗ್ಯಾಸ್ ಕಡಿಮೆಯಿದ್ದರೆ ಫಾಸ್ಟ್ ಚಾರ್ಜಿಂಗ್ ನಿಧಾನವಾಗುತ್ತದೆ. ಏಸಿ ದೂರು ಕೆಲವೊಮ್ಮೆ ಚಾರ್ಜಿಂಗ್ ದೂರಾಗಿ ಬರುವುದು ಹೀಗೆ.

ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರಿಗೆ ಹೋಗುವ ಕಿತ್ತಳೆ ಬಣ್ಣದ ಕೇಬಲಿನಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟ್ ಡಿಸಿ ಇರುತ್ತದೆ. ಒತ್ತಡ ಅಳೆಯುವ ಗೇಜ್ ಹಾಕಲು ಅದನ್ನು ಮುಟ್ಟಬೇಕಿಲ್ಲ. ಕಂಪ್ರೆಸರ್ ಬಿಚ್ಚುವುದಾದರೆ ಮಾತ್ರ ಕಾರು ಆಫ್ ಮಾಡಿ, 12 ವೋಲ್ಟ್ ಬ್ಯಾಟರಿ ಕಳಚಿ, 1000 ವೋಲ್ಟ್ ತಡೆಯುವ ಕೈಗವಸು ಹಾಕಿ, ಹೈವೋಲ್ಟೇಜ್ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆದು ಜೇಬಿನಲ್ಲಿಟ್ಟುಕೊಳ್ಳಿ. ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಕೈಗವಸು ತೆಗೆಯದೆಯೇ ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕನೆಕ್ಟರಿಗೆ ಕೈ ಹಾಕಬೇಕು. ಈ ತರಬೇತಿ ಇಲ್ಲದವರು ಕಂಪ್ರೆಸರ್ ತಂಟೆಗೆ ಹೋಗಬಾರದು.

ಬಾನೆಟ್ ಒಳಗಿನ ಲೇಬಲ್ ಓದಿ: ಗ್ಯಾಸ್ ಯಾವುದು, ಎಷ್ಟು ಗ್ರಾಂ, ಎಣ್ಣೆ ಯಾವುದು. ಆರ್-1234ವೈಎಫ್ ಇದ್ದರೆ ಅದಕ್ಕೆ ಬೆಂಕಿ ಹಿಡಿಯುವ ಗುಣ ಸ್ವಲ್ಪ ಇದೆ, ಬೇರೆಯೇ ಮಷಿನ್ ಬೇಕು. ಆರ್-134ಎ ಇದ್ದರೆ, ರಾತ್ರಿಯಿಡೀ ನಿಂತ ಗಾಡಿಗೆ ಬೆಳಗ್ಗೆ ಗೇಜ್ ಹಾಕಿ. 30 ಡಿಗ್ರಿಯಲ್ಲಿ ಹೆಚ್ಚು ಒತ್ತಡದ, ಕಡಿಮೆ ಒತ್ತಡದ ಎರಡೂ ಕಡೆ ಸುಮಾರು 97 ಪಿಎಸ್‌ಐ, 35ರಲ್ಲಿ 114, 40ರಲ್ಲಿ 133 ತೋರಿಸಬೇಕು. ಅನೇಕರು ಮೋಸಹೋಗುವುದು ಇಲ್ಲೇ: ಅಂಕಿ ಸರಿಯಾಗಿ ಬಂತೆಂದರೆ ಗ್ಯಾಸ್ ಪೂರ್ತಿ ಇದೆ ಎಂದಲ್ಲ. ಒಳಗೆ ದ್ರವ ಸ್ವಲ್ಪ ಉಳಿದಿದ್ದರೂ ಒತ್ತಡ ಅಷ್ಟೇ ಇರುತ್ತದೆ. ಅಂಕಿ ಕಡಿಮೆ ಬಂದರೆ ದ್ರವವೆಲ್ಲ ಹೋಗಿದೆ ಎಂದರ್ಥ. ನಿಜವಾದ ಲೆಕ್ಕ ಸಿಗುವುದು ಗ್ಯಾಸನ್ನು ರಿಕವರಿ ಮಷಿನ್ನಿಗೆ ಎಳೆದು ತೂಕ ಮಾಡಿದಾಗ. ಅದಕ್ಕೆ ಮೊದಲು, ಒಳಗೆ ಒತ್ತಡ ಇರುವಾಗಲೇ, ಸೋರಿಕೆ ಹುಡುಕಿ.

ಕಂಪ್ರೆಸರಿನ ಮೋಟರು ಅದರ ಒಳಗೇ ಇರುವುದರಿಂದ ಬೆಲ್ಟ್ ಕಂಪ್ರೆಸರುಗಳಂತೆ ಶಾಫ್ಟ್ ಸೀಲ್ ಸೋರುವ ಪ್ರಶ್ನೆಯಿಲ್ಲ. ಮೊದಲ ಅನುಮಾನ ಗ್ರಿಲ್ ಹಿಂದೆ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಮೇಲೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಓಡುವ ಗಾಡಿಗೆ ಗ್ರಿಲ್ ದಾಟಿ ಬಂದ ಒಂದು ಸಣ್ಣ ಕಲ್ಲು ಸಾಕು. ಆಮೇಲೆ ಪೈಪ್ ಜಾಯಿಂಟು, ಸರ್ವಿಸ್ ವಾಲ್ವು, ಚಿಲ್ಲರಿನ ಜೋಡಣೆ. ಗ್ಯಾಸಿನ ಜೊತೆ ಎಣ್ಣೆಯೂ ಜಿನುಗುವುದರಿಂದ ಸೋರುವ ಕಡೆ ಧೂಳು ಅಂಟಿ ಕಪ್ಪು ಕಲೆ ಕಟ್ಟಿರುತ್ತದೆ. ಒರೆಸುವ ಮುನ್ನ ಒಂದು ಫೋಟೋ ತೆಗೆದಿಡಿ. ಗ್ಯಾಸ್ ಪತ್ತೆಹಚ್ಚುವ ಡಿಟೆಕ್ಟರ್ ಮೂತಿಯನ್ನು ಜಾಯಿಂಟಿನ ಕೆಳಬದಿಗೆ ಹಿಡಿದು ಸೆಕೆಂಡಿಗೆ ಒಂದಿಂಚಿನಂತೆ ಸರಿಸಿ, ಏಕೆಂದರೆ ಗ್ಯಾಸ್ ಗಾಳಿಗಿಂತ ಭಾರ. ಬೆಳಗಾವಿಯ ಮಳೆಗಾಲದ ಗಾಳಿಯಲ್ಲಿ ಶಟರ್ ಎಳೆದು, ಫ್ಯಾನ್ ನಿಲ್ಲಿಸದಿದ್ದರೆ ಏನೂ ಸಿಗುವುದಿಲ್ಲ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲಿಗೆ, ಬ್ಲೋವರ್ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟು ನೀರು ಹೋಗುವ ಪೈಪಿನ ಬಾಯಲ್ಲಿ ಮೂತಿ ಹಿಡಿಯಿರಿ. ನೀರು ಮಾತ್ರ ಒಳಗೆ ಹೋಗಬಾರದು.

ಸಿಗಲಿಲ್ಲವೇ? ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಮಾಡಿ, ರೆಗ್ಯುಲೇಟರ್ ಮೂಲಕ ಒಣ ನೈಟ್ರೋಜನ್ 10 ಬಾರ್ ವರೆಗೆ ತುಂಬಿ ಸೋಪಿನ ನೀರು ಹಚ್ಚಿ. ಟೈರ್ ಗಾಳಿ ಬೇಡ, ಅದರಲ್ಲಿ ತೇವ ಇರುತ್ತದೆ. ಆಕ್ಸಿಜನ್ನಂತೂ ಎಣ್ಣೆಯ ಜೊತೆ ಸೇರಿದರೆ ಸ್ಫೋಟ. ರಾತ್ರಿಯಿಡೀ ಬಿಟ್ಟು ನೋಡುವವರು ನೆನಪಿಡಬೇಕಾದ್ದು: ಮಧ್ಯಾಹ್ನ 40 ಡಿಗ್ರಿಯಲ್ಲಿ ಇಟ್ಟ 10 ಬಾರ್, ಬೆಳಗಿನ ಜಾವ 25 ಡಿಗ್ರಿಗೆ ಬಂದಾಗ ಸೋರಿಕೆಯಿಲ್ಲದೆಯೂ ಅರ್ಧ ಬಾರ್ ಇಳಿದಿರುತ್ತದೆ.

ಎಣ್ಣೆಯ ವಿಷಯದಲ್ಲಿ ರಾಜಿ ಬೇಡ. ಮಾಮೂಲಿ ಕಾರುಗಳ ಪಿಎಜಿ ಎಣ್ಣೆ ಕರೆಂಟನ್ನು ಚೆನ್ನಾಗಿ ತಡೆಯುವುದಿಲ್ಲ. ಇಲ್ಲಿ ಮೋಟರಿನ ಸುರುಳಿ ನೆನೆಯುವುದೇ ಕಂಪ್ರೆಸರಿನ ಎಣ್ಣೆಯಲ್ಲಿ, ಹಾಗಾಗಿ ಲೇಬಲಿನಲ್ಲಿರುವ ಪಿಒಇ ಎಣ್ಣೆಯೇ ಬೇಕು. ಪಿಎಜಿ ಬೆರೆತರೆ ಇನ್ಸುಲೇಷನ್ ಬಿದ್ದುಹೋಗಿ ಡ್ಯಾಶ್‌ಬೋರ್ಡಿನಲ್ಲಿ ಹೈವೋಲ್ಟೇಜ್ ಎಚ್ಚರಿಕೆ ಬರುತ್ತದೆ, ಆಗ ಕಂಪ್ರೆಸರೇ ಬದಲಿಸುವ ಖರ್ಚು ಬೀಳಬಹುದು. ಬೇರೆ ಕಾರುಗಳಿಗೆ ಬಳಸಿದ ಹೋಸಿನಲ್ಲಿ ಉಳಿದ ಎಣ್ಣೆಯೂ ಅಪಾಯವೇ. ಎಲೆಕ್ಟ್ರಿಕ್ ಕಾರುಗಳಿಗೆಂದೇ ಹೋಸ್, ಗೇಜ್ ಬೇರೆ ಇಡಿ. ಸೋರಿಕೆ ತೋರಿಸುವ ಯುವಿ ಡೈ (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ) ಹಾಕುವುದಾದರೆ ಅದೂ ಎಲೆಕ್ಟ್ರಿಕ್ ಕಂಪ್ರೆಸರಿಗೆ ಹೊಂದುವಂಥದ್ದೇ ಆಗಬೇಕು. ಸೋರಿಕೆ ಮುಚ್ಚುವ ಡಬ್ಬಿ ಔಷಧ ಯಾವ ಕಾರಣಕ್ಕೂ ಬೇಡ.

ಬಿಚ್ಚಿದ ಪ್ರತಿ ಜಾಯಿಂಟಿಗೆ ಹೊಸ ಓರಿಂಗ್ (ರಬ್ಬರ್ ಬಳೆ), ಅದೇ ಎಣ್ಣೆ ಸವರಿ, ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿ ಮಾಡಿ. ತೂತಾದ ಕಂಡೆನ್ಸರಿಗೆ ವೆಲ್ಡಿಂಗ್ ಬಾಳಿಕೆ ಬರುವುದಿಲ್ಲ, ಬದಲಿಸಿ. ಜೊತೆಗೆ ತೇವ ಹೀರುವ ಡ್ರೈಯರನ್ನೂ ಹೊಸದು ಹಾಕಿ, ಹಳೆಯ ಭಾಗದಲ್ಲಿ ಹೋದಷ್ಟು ಎಣ್ಣೆಯನ್ನು ಮ್ಯಾನ್ಯುಯಲ್ ನೋಡಿ ಅಳೆದು ಸೇರಿಸಿ.

ಗ್ಯಾಸ್ ತುಂಬುವ ಮೊದಲು, ಒಳಗಿನ ಗಾಳಿ ಮತ್ತು ತೇವ ಹೋಗಲು, ವ್ಯಾಕ್ಯೂಮ್ ಅರ್ಧ ಗಂಟೆಯಾದರೂ ಎಳೆಯಬೇಕು. ಗೇಜ್ 29 ಇಂಚು (ಪಾದರಸದ ಲೆಕ್ಕ) ಮುಟ್ಟುತ್ತಿಲ್ಲವೆಂದು ಪಂಪನ್ನು ಬೈಯಬೇಡಿ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಪೂರ್ಣ ವ್ಯಾಕ್ಯೂಮ್ ಎಂದರೆ 27 ಚಿಲ್ಲರೆ ಇಂಚು. ಬಾಗಲಕೋಟೆ, ವಿಜಯಪುರದಲ್ಲಿ 28ರ ಆಸುಪಾಸು. ಒಳಗೆ ಉಳಿದ ಒತ್ತಡವನ್ನೇ ನೇರ ಅಳೆಯುವ ಮೈಕ್ರಾನ್ ಗೇಜಿದ್ದರೆ ಈ ಗೊಂದಲವಿಲ್ಲ: 500ಕ್ಕಿಂತ ಕೆಳಗಿಳಿಸಿ, ವಾಲ್ವ್ ಮುಚ್ಚಿ ಹದಿನೈದು ನಿಮಿಷ ನೋಡಿ. ಸ್ವಲ್ಪ ಏರಿ ನಿಂತರೆ ಒಳಗೆ ತೇವ, ಏರುತ್ತಲೇ ಹೋದರೆ ಸೋರಿಕೆ.

ಗ್ಯಾಸನ್ನು ಒತ್ತಡ ನೋಡಿ ತುಂಬಬೇಡಿ. ಕಂಪ್ರೆಸರಿನ ವೇಗವನ್ನು ಕಂಪ್ಯೂಟರ್ ಬದಲಿಸುತ್ತಲೇ ಇರುವುದರಿಂದ ಓಡುವಾಗಿನ ಒತ್ತಡಕ್ಕೆ ನೆಚ್ಚಿಕೆಯಿಲ್ಲ. ತಕ್ಕಡಿಯ ಮೇಲಿಟ್ಟು ಲೇಬಲಿನಷ್ಟೇ ಗ್ರಾಂ ಹಾಕಿ, ಸ್ಕ್ಯಾನರಿನಲ್ಲಿ ಕಂಪ್ರೆಸರಿನ ವೇಗ, ಒತ್ತಡ ಮತ್ತು ಇನ್ಸುಲೇಷನ್ ಕೋಡ್ ನೋಡಿ. ಹೋಸಿನ ಕಪ್ಲರ್ ತೆಗೆದ ಮೇಲೆ ಎರಡೂ ವಾಲ್ವಿಗೆ ಮತ್ತೊಮ್ಮೆ ಡಿಟೆಕ್ಟರ್ ಹಿಡಿದು, ಒಳಗಿನ ರಬ್ಬರ್ ಸರಿಯಿರುವ ಕ್ಯಾಪನ್ನೇ ತಿರುಗಿಸಿ ಹಾಕಿ.