2^127 − 1 ಅವಿಭಾಜ್ಯ ಎಂದು ನಾನು ಪರೀಕ್ಷಿಸುವ ಬಗೆ

ಮೈಸೂರಿನಲ್ಲಿ ಬಿ.ಎಸ್ಸಿ. ಗಣಿತದ ಮಕ್ಕಳಿಗೆ ದೊಡ್ಡ ಅವಿಭಾಜ್ಯ ಸಂಖ್ಯೆಯೊಂದನ್ನು ತೋರಿಸಬೇಕಾದಾಗ ನಾನು ಆರಿಸಿಕೊಳ್ಳುವುದು 2^127 − 1. ಬಿಡಿಸಿ ಬರೆದರೆ 39 ಅಂಕಿ: 170141183460469231731687303715884105727. ದ್ವಿಮಾನದಲ್ಲಿ ಸಾಲಾಗಿ 127 ಒಂದುಗಳು, ಅಷ್ಟೇ. ಫ್ರೆಂಚ್ ಗಣಿತಜ್ಞ ಲೂಕಾಸ್ 1876ರಲ್ಲಿ ಕಂಪ್ಯೂಟರ್ ಇಲ್ಲದೆಯೇ ಇದನ್ನು ಅವಿಭಾಜ್ಯವೆಂದು ಸಾಧಿಸಿದರು. 1951ರವರೆಗೆ ಗೊತ್ತಿದ್ದ ಅವಿಭಾಜ್ಯಗಳಲ್ಲಿ ಇದೇ ಅತಿ ದೊಡ್ಡದು.

ಇದಕ್ಕೆ ನಾನು ಬಳಸುವ ಲೂಕಾಸ್–ಲೆಹ್ಮರ್ ಪರೀಕ್ಷೆಯ ನಿಯಮ ಚಿಕ್ಕದು. ಪಿ ಒಂದು ಬೆಸ ಅವಿಭಾಜ್ಯ, ಎಂ = 2^ಪಿ − 1 ಆಗಿರಲಿ. 4ರಿಂದ ಹೊರಡಿ. ವರ್ಗ ಮಾಡಿ, 2 ಕಳೆದು, ಎಂನಿಂದ ಭಾಗಿಸಿ ಶೇಷ ಉಳಿಸಿಕೊಳ್ಳಿ. ಹೀಗೆ ಪಿ − 2 ಸಲ ಮಾಡಿದ ಮೇಲೆ ಶೇಷ 0 ಆದರೆ ಎಂ ಅವಿಭಾಜ್ಯ, ಇಲ್ಲವಾದರೆ ಅಲ್ಲ. ಎರಡೂ ಕಡೆಗೆ ಇದು ಪೂರ್ಣ ಸಾಧನೆ. ‘ಬಹುಶಃ’ ಎಂಬುದಕ್ಕೆ ಇಲ್ಲಿ ಜಾಗವಿಲ್ಲ.

ಪ್ರೋಗ್ರಾಂ ಬರೆಯುವ ಮುಂಚೆ ಪಿ = 7 ಇಟ್ಟು ಕಾಗದದ ಮೇಲೆ ಮಾಡಿಸುತ್ತೇನೆ. ಎಂ = 127, ಐದು ಹೆಜ್ಜೆ: 4, 14, 67, 42, 111, 0.

ದೊಡ್ಡ ಸಂಖ್ಯೆಗೆ ಭಾಗಾಕಾರ ಬೇಕಿಲ್ಲ. 2^ಪಿಯನ್ನು ಎಂನಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಕೆಳಗಿನ ಪಿ ಬಿಟ್‌ಗಳನ್ನು ಬೇರೆ ಇಟ್ಟು, ಉಳಿದ ಮೇಲಿನ ಭಾಗವನ್ನು ಪಿ ಸ್ಥಾನ ಬಲಕ್ಕೆ ಸರಿಸಿ ಅದಕ್ಕೆ ಕೂಡಿಸಿದರೆ ಸಾಕು. ಮೊತ್ತ ಪಿ ಬಿಟ್ ಮೀರಿದರೆ ಇನ್ನೊಮ್ಮೆ ಹಾಗೇ ಮಡಚಿ. ಹೆಚ್ಚಿನ ಪ್ರೋಗ್ರಾಂಗಳು ಎಡವುವುದು ಇಲ್ಲೇ. ಮೇಲಿನ ಕೊನೆಯ ಹೆಜ್ಜೆ ನೋಡಿ: 111ರ ವರ್ಗದಿಂದ 2 ಕಳೆದರೆ 12319, ಅಂದರೆ 96 × 128 + 31. ಮಡಚಿದರೆ 96 + 31 = 127. ಬಂದದ್ದು 0 ಅಲ್ಲ, ಎಂ! ಉತ್ತರ ಎಂಗೆ ಸಮವಾದರೆ ಅದನ್ನು 0 ಎಂದೇ ತೆಗೆದುಕೊಳ್ಳುವ ಸಾಲು ಬರೆಯದಿದ್ದರೆ, ಅವಿಭಾಜ್ಯವೊಂದನ್ನು ಪ್ರೋಗ್ರಾಂ ತಳ್ಳಿಹಾಕುತ್ತದೆ.

ಪೈಥಾನ್‌ನ ಪೂರ್ಣಾಂಕಗಳಿಗೆ ಗಾತ್ರದ ಮಿತಿಯಿಲ್ಲ, ಹಾಗಾಗಿ ಅದೇ ಅನುಕೂಲ. ದಶಮಾಂಶ ಬಿಂದುವಿನ ಸಂಖ್ಯೆ ಮಾತ್ರ ಒಳಗೆ ನುಸುಳಬಾರದು. ಅದರಲ್ಲಿ 53 ಬಿಟ್‌ಗಳಷ್ಟೇ ನಿಖರ. ಎಕ್ಸೆಲ್ 15 ಅಂಕಿಗೇ ನಿಲ್ಲುತ್ತದೆ. ಸಿ ಭಾಷೆಯ 64 ಬಿಟ್ ಪೂರ್ಣಾಂಕದಲ್ಲಿ ಪಿ = 31 ಆರಾಮಾಗಿ ನಡೆಯುತ್ತದೆ, 61ಕ್ಕೆ ವರ್ಗವೇ ಹಿಡಿಸದು.

ಫರ್ಮಾ ಪರೀಕ್ಷೆಯನ್ನು ಆಧಾರ 2 ಇಟ್ಟು ಮಾಡೋಣವೇ, ಅಂದರೆ 2^(ಎಂ − 1) ಅನ್ನು ಎಂನಿಂದ ಭಾಗಿಸಿದರೆ ಶೇಷ 1 ಬರುತ್ತದೆಯೇ ಎಂದಷ್ಟೇ ನೋಡೋಣವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲಿ ಅದು ಕೆಲಸಕ್ಕೆ ಬಾರದು. ಪಿ ಅವಿಭಾಜ್ಯವಾದರೆ ಎಂ − 1 ಯಾವಾಗಲೂ ಪಿಯಿಂದ ಭಾಗವಾಗುತ್ತದೆ, ಹಾಗಾಗಿ ಇಂಥ ಸಂಖ್ಯೆಗಳೆಲ್ಲ ಪಾಸಾಗಿಬಿಡುತ್ತವೆ. 23 × 89 ಆದ 2047 ಕೂಡ!

ಆ 2047 ನನಗೆ ಒಳ್ಳೆಯ ಒರೆಗಲ್ಲು. ಪಿ = 11ಕ್ಕೆ ಒಂಬತ್ತು ಹೆಜ್ಜೆ: 4, 14, 194, 788, 701, 119, 1877, 240, 282, 1736. ನಡುವೆ ಒಂದು ಶೇಷ ತಪ್ಪಿದರೂ ಎಲ್ಲಿ ತಪ್ಪಿತೆಂದು ತಕ್ಷಣ ಸಿಗುತ್ತದೆ. 7, 11 ಎರಡೂ ಸರಿಬಂದ ಮೇಲೆಯೇ 127ಕ್ಕೆ ಕೈಹಾಕುವುದು: 125 ಹೆಜ್ಜೆ, ಕೊನೆಗೆ 0.

ಆಮೇಲೆ ಪಿ = 67 ಕೊಟ್ಟು ನೋಡಿ. ಶೇಷ 0 ಬರುವುದಿಲ್ಲ, ಆದರೆ ಅಪವರ್ತನ ಯಾವುದೆಂದು ಈ ಪರೀಕ್ಷೆ ಹೇಳುವುದೂ ಇಲ್ಲ. ಅದನ್ನು ಬೇರೆಯಾಗಿ ಹುಡುಕಬೇಕು. ಆಗ ನೆರವಾಗುವುದು ಇನ್ನೊಂದು ಗುಣ: ಎಂನ ಪ್ರತಿ ಅವಿಭಾಜ್ಯ ಭಾಜಕದಿಂದ 1 ಕಳೆದರೆ ಉಳಿದದ್ದು 2ಪಿಯಿಂದ ಭಾಗವಾಗಬೇಕು, ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. 2^67 − 1 ಎಂದರೆ 193707721 × 761838257287 ಎಂದು 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದರು. ಅದರ ಮೊದಲ ಭಾಜಕವನ್ನು ಹೀಗೆ ತಾಳೆ ನೋಡಿ: 2ಪಿ = 134, 193707720 = 134 × 1445580.