ಚಾರ್ಜಿಂಗ್ ಬಾಯಿಗೆ ದೀಪ: ನಾಲ್ಕನೇ ಸಲಕ್ಕೆ ಗಟ್ಟಿಯಾಗಿ ನಿಂತಿತು

ಒಂದು ಮಳೆಗಾಲ ಪೂರ್ತಿ ಕಳೆಯಿತು. ನನ್ನ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಬಾಯಿಗೆ ನಾನೇ ಹಾಕಿದ ದೀಪ ಒಂದು ದಿನವೂ ಕೈಕೊಟ್ಟಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬೇಸಿಗೆಯಲ್ಲೇ ಬರೆದಿದ್ದರೆ "ಮೊದಲು ಮಳೆ ಬರಲಿ, ಆಮೇಲೆ ಮಾತಾಡು" ಅನ್ನುವವರೇ ಜಾಸ್ತಿ ಇದ್ದರು. ನಮ್ಮ ಭಾವ ಅಂತೂ "ಅಲ್ಲಿ ಮುನ್ನೂರು ವೋಲ್ಟ್ ಡಿಸಿ ಇರ್ತದೆ ಮಾರಾಯ, ಅದರ ಪಕ್ಕ ವೈರ್ ಎಳೀತೀಯಾ?" ಅಂತ ಗದರಿದ್ದರು. ಶಿವಮೊಗ್ಗದ ಆಕ್ಸೆಸರಿ ಅಂಗಡಿಯವರು ಎಲೆಕ್ಟ್ರಿಕ್ ಗಾಡಿ ಮುಟ್ಟುವುದೇ ಇಲ್ಲ ಅಂದರು. ಇನ್ನೊಬ್ಬರು ಮಾಡಿಕೊಡುತ್ತೇನೆ, 4,500 ರೂಪಾಯಿ, ಆದರೆ ಗ್ಯಾರಂಟಿ ಇಲ್ಲ ಅಂದರು. ಈಗ ನನ್ನ ಕಾರಲ್ಲಿ ಉರಿಯುತ್ತಿರುವ ದೀಪಕ್ಕೆ ಬಿದ್ದಿರುವ ಖರ್ಚು ಸುಮಾರು 350. ಅಲ್ಲಿಗೆ ತಲುಪುವವರೆಗೆ ಕಳೆದದ್ದು ಬೇರೆ ಲೆಕ್ಕ, ಅದನ್ನೂ ಹೇಳುತ್ತೇನೆ.

ನಾನು ಸಾಗರದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವನು. ಮನೆ ಊರಾಚೆ. ಅಂಗಳದಲ್ಲಿ ಕಾರು ನಿಲ್ಲುವ ಕಡೆ ಒಂದು ಹದಿನೈದು ಆಂಪಿನ ಸಾಕೆಟ್ ಇದೆ, ಬೀದಿ ದೀಪ ಇಲ್ಲ. ಕಾರು ಸೆಕೆಂಡ್ ಹ್ಯಾಂಡ್, ಸಿಸಿಎಸ್2 ಬಾಯಿ (ಮೇಲೆ ಮನೆ ಕರೆಂಟಿನ ತೂತುಗಳು, ಕೆಳಗೆ ಫಾಸ್ಟ್ ಚಾರ್ಜಿನ ಎರಡು ಡಿಸಿ ಪಿನ್ನು), ಹಿಂದಿನ ಎಡ ಚಕ್ರದ ಮೇಲೆ. ಜುಲೈ ತಿಂಗಳ ರಾತ್ರಿ ಒಂಬತ್ತು ಗಂಟೆಗೆ ಚಾರ್ಜಿಗೆ ಹಾಕಬೇಕು ಅಂದರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗನ್ (ಚಾರ್ಜರ್ ಕೇಬಲ್ಲಿನ ತುದಿಯ ಪ್ಲಗ್), ಫೋನಿನ ಟಾರ್ಚು ಹಲ್ಲಿನಲ್ಲಿ. ಕಪ್ಪು ಗನ್ನು, ಕಪ್ಪು ಬಾಯಿ. ಬೆಂಗಳೂರಿಗೆ ಹೋಗುವಾಗ ತಿಪಟೂರು, ತುಮಕೂರು ಕಡೆ ಫಾಸ್ಟ್ ಚಾರ್ಜರ್ ಹುಡುಕಿದರೂ ಇದೇ ಕಥೆ. ಎಷ್ಟೋ ಕಡೆ ಅದು ಹೋಟೆಲಿನ ಹಿಂದಿನ ಮೂಲೆಯಲ್ಲಿರುತ್ತದೆ. ಡಿಸಿ ಗನ್ನಿನ ಕೇಬಲ್ ಭಾರ, ಒಂದೇ ಕೈಗೆ ಸಿಗುವುದಿಲ್ಲ. ಬಾಯಿಯ ಸುತ್ತ ಬಣ್ಣದ ಮೇಲೆ ಗನ್ ಮೂತಿ ತಾಗಿದ ಗೀರುಗಳು ಇನ್ನೂ ಇವೆ.

ಮೊದಲನೇ ಸಲ ಬ್ಯಾಟರಿ ಸೆಲ್ಲಿನ ರೆಡಿಮೇಡ್ ಅಂಟು ದೀಪ. 180 ರೂಪಾಯಿ. ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು ಬಿತ್ತು. ಅದರ ಬಗ್ಗೆ ಇಷ್ಟು ಸಾಕು.

ಎರಡನೇ ಸಲ ಸರಿಯಾಗಿ ಮಾಡುತ್ತೇನೆ ಅಂತ ಕೂತೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಳಿ ಸಿಒಬಿ ಸ್ಟ್ರಿಪ್ (ಎಲ್‌ಇಡಿ ಒತ್ತೊತ್ತಾಗಿರುವ ಪಟ್ಟಿ) ತಂದೆ, ಮುಚ್ಚಳ ತೆರೆದಾಗ ದೀಪ ಹತ್ತಲು ಸಣ್ಣ ಲಿಮಿಟ್ ಸ್ವಿಚ್ ಹಾಕಿದೆ, ಡಿಕ್ಕಿಯ 12 ವೋಲ್ಟ್ ಸಾಕೆಟ್ಟಿನಿಂದ ಸೀದಾ ಲೈನ್ ತೆಗೆದೆ. ಮೊದಲ ರಾತ್ರಿ ನೋಡಲು ಬಹಳ ಚೆಂದ ಇತ್ತು. ಮೂರು ವಾರದಲ್ಲಿ ಅರ್ಧ ಸ್ಟ್ರಿಪ್ ಕಂದಿತು. ಕಾರಣ ನನಗೆ ಮೊದಲೇ ಹೊಳೆಯಬೇಕಿತ್ತು. ಚಾರ್ಜ್ ಆಗುವಾಗ ಸಣ್ಣ 12 ವೋಲ್ಟ್ ಬ್ಯಾಟರಿಗೆ ಕರೆಂಟ್ ಕೊಡುವ ಡಿಸಿ ಕನ್ವರ್ಟರ್ ಚಾಲೂ ಇರುತ್ತದೆ, 12 ವೋಲ್ಟ್ ಲೈನು ನನ್ನ ಮೀಟರಿನಲ್ಲಿ 14.4 ತೋರಿಸುತ್ತಿತ್ತು. ಬಿಳಿ ಎಲ್‌ಇಡಿ ಮೂರು ಸಾಲಾಗಿ ಸೇರಿದರೆ ಒಂಬತ್ತೂಕಾಲು ವೋಲ್ಟ್ ತಿನ್ನುತ್ತದೆ. 12ಕ್ಕೆ ಸ್ಟ್ರಿಪ್ಪಿನಲ್ಲೇ ಕರೆಂಟ್ ತಡೆಯಲು ಇರುವ ರೆಸಿಸ್ಟರ್ ಮೇಲೆ ಉಳಿಯುವುದು ಎರಡೂ ಮುಕ್ಕಾಲು, 14.4ಕ್ಕೆ ಐದು. ಅಂದರೆ ಕರೆಂಟ್ ಹತ್ತಿರ ಹತ್ತಿರ ಎರಡು ಪಟ್ಟು. ಮುಚ್ಚಳ ತೆರೆದೇ ಇರುವುದರಿಂದ ರಾತ್ರಿಯೆಲ್ಲ ಎಂಟು ತಾಸು ಹಾಗೇ ಉರಿದಿದೆ. ಇನ್ನೇನು ಉಳಿಯುತ್ತದೆ?

ಅದೊಂದೇ ಆಗಿದ್ದರೆ ಸಣ್ಣ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿಡುವ ಬೋರ್ಡು) ಹಾಕಿ ಮುಗಿಸುತ್ತಿದ್ದೆ. ಅಷ್ಟರಲ್ಲಿ ಜೂನ್ ಬಂತು. ಮೊದಲ ಮಳೆ ಬಿದ್ದ ಸಂಜೆ ಮಲೆನಾಡಿನಲ್ಲಿ ಏನಾಗುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ನೆಲದೊಳಗಿಂದ ರೆಕ್ಕೆಗೆದ್ದಲು ಎದ್ದು ದೀಪ ಇರುವ ಕಡೆಗೆಲ್ಲ ಮುತ್ತುತ್ತವೆ. ಆ ರಾತ್ರಿ ಇಡೀ ಅಂಗಳಕ್ಕೆ ಉರಿಯುತ್ತಿದ್ದ ದೀಪ ಅದೊಂದೇ. ಬೆಳಿಗ್ಗೆ ಗನ್ ತೆಗೆದು ನೋಡಿದರೆ ಕೆಳಗಿನ ಎರಡು ದಪ್ಪ ಪಿನ್ನುಗಳ ಸುತ್ತ ರೆಕ್ಕೆಗಳು ಒದ್ದೆಯಾಗಿ ಅಂಟಿಕೊಂಡಿವೆ, ಈರುಳ್ಳಿಯ ತೆಳು ಸಿಪ್ಪೆ ಹಾಗೆ. ಮೇಲಿನ ಏಳು ತೂತುಗಳಲ್ಲಿ ಒಂದರಲ್ಲಿ ಹುಳ ಇನ್ನೂ ಜೀವಂತ ಇತ್ತು. ಒಣಗಿದ ಪೇಂಟ್ ಬ್ರಶ್ಶಿನಿಂದ ಒಂದೊಂದೇ ಎತ್ತಿ ತೆಗೆಯಲು ಮುಕ್ಕಾಲು ಗಂಟೆ ಬೇಕಾಯಿತು. ದಯವಿಟ್ಟು ಅಲ್ಲಿ ಸ್ಕ್ರೂಡ್ರೈವರ್, ಪಿನ್ನು, ತಂತಿ ಏನೂ ಹಾಕಬೇಡಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಸ್ಟ್ರಿಪ್ಪನ್ನು ಬಾಯಿಯ ತಳಭಾಗದಲ್ಲಿ ಕೂರಿಸಿ ಸಿಲಿಕೋನ್ ಧಾರಾಳವಾಗಿ ಬಳಿದಿದ್ದೆ. ನೀರು ಇಳಿದುಹೋಗಲು ಅಲ್ಲೇ ಒಂದು ಸಣ್ಣ ತೂತು ಇದೆ, ಅದು ಮುಚ್ಚಿಹೋಗಿತ್ತು. ಜುಲೈ ನಡುವೆ ಒಂದು ಬೆಳಿಗ್ಗೆ ತಳದಲ್ಲಿ ಬೆರಳಿನ ಅಗಲ ನೀರು ನಿಂತಿತ್ತು, ಕಾರು ಚಾರ್ಜ್ ತೆಗೆದುಕೊಳ್ಳಲೇ ಇಲ್ಲ. ಇನ್ಸುಲೇಶನ್ ಫಾಲ್ಟ್, ಅಂದರೆ ಕರೆಂಟ್ ಬಾಡಿಗೆ ಸೋರುತ್ತಿದೆ ಅಂತ. ನೀರು ಕಂಡ ಕೂಡಲೇ ಕಾರು ತಾನಾಗಿ ಕೈಬಿಟ್ಟಿದ್ದು ನಮ್ಮ ಪುಣ್ಯ. ಎರಡು ದಿನ ಒಣಗಿಸಿದೆವು. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ಫಾಲ್ಟ್ ತೆಗೆಸಲು ಒಂದು ಸಾವಿರದ ಚಿಲ್ಲರೆ ಆಯಿತು. ನನ್ನ ಮನೆಯವರು ಎರಡು ದಿನ ಶಾಲೆಗೆ ಬಸ್ಸಿನಲ್ಲಿ ಹೋದರು. ನೀವು ಎಲ್ಲಿ ಏನೇ ಅಂಟಿಸಿ, ಮೊದಲು ಒಂದು ಲೋಟ ನೀರು ಹೊಯ್ದು ಎಲ್ಲಿ ಇಳಿಯುತ್ತದೆ ನೋಡಿಕೊಳ್ಳಿ, ಆ ಜಾಗ ಮುಟ್ಟಬೇಡಿ. ಗನ್ ಹಾಕದೆ, ಕಾರು ಆಫ್ ಇದ್ದಾಗ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಲಿಮಿಟ್ ಸ್ವಿಚ್ಚೂ ಅದೇ ತಿಂಗಳು ತುಕ್ಕು ಹಿಡಿದು ಕಚ್ಚಿಕೊಂಡಿತು.

ಮೂರನೇ ಸಲದ್ದು ತಮ್ಮನ ಮಗನ ಆಸೆ. ಇಂಜಿನಿಯರಿಂಗ್ ಓದುತ್ತಿದ್ದಾನೆ, ರಜೆಗೆ ಬಂದಿದ್ದ. "ದೊಡ್ಡಪ್ಪ, ಸುಮ್ನೆ ದೀಪ ಯಾಕೆ, ಚಾರ್ಜ್ ಎಷ್ಟಾಗಿದೆ ಅಂತ ಬಣ್ಣದಲ್ಲೇ ತೋರಿಸೋಣ" ಅಂದ. ಬಣ್ಣ ಬದಲಿಸುವ ಡಬ್ಲ್ಯುಎಸ್2812 ಸ್ಟ್ರಿಪ್, ಅದನ್ನು ನಡೆಸುವ ಇಎಸ್‌ಪಿ32 ಬೋರ್ಡು, ಕಾರಿನ ಮಾಹಿತಿ ಓದುವ ಬ್ಲೂಟೂತ್ ಓಬಿಡಿ ಡಾಂಗಲ್. ಎಲ್ಲ ಸೇರಿ 1,900 ಆಗಿರಬೇಕು. ನಿಜ ಹೇಳುತ್ತೇನೆ, ಅದು ಕೆಲಸ ಮಾಡಿದಾಗ ಕಂಡ ಖುಷಿ ಈಗಲೂ ಮರೆತಿಲ್ಲ. 20 ಪರ್ಸೆಂಟಿಗೆ ಕೆಂಪು, 50ಕ್ಕೆ ಹಳದಿ, 80 ದಾಟಿದರೆ ಹಸಿರು. ಪಕ್ಕದ ಮನೆ ಮಕ್ಕಳು ನೋಡಲು ಬರುತ್ತಿದ್ದರು.

ಆಮೇಲೆ ನಾವು ಪುಣೆಗೆ ತಂಗಿಯ ಮನೆಗೆ ರೈಲಿನಲ್ಲಿ ಹೋದೆವು. ಹನ್ನೊಂದು ದಿನ. ವಾಪಸ್ ಬಂದರೆ ರಿಮೋಟಿಗೆ ಬಾಗಿಲು ತೆರೆಯಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ 70 ಪರ್ಸೆಂಟ್ ಇತ್ತು, ಆದರೆ 12 ವೋಲ್ಟಿನ ಸಣ್ಣ ಬ್ಯಾಟರಿ ಏಳು ವೋಲ್ಟಿಗೂ ಕೆಳಗೆ ಇಳಿದಿತ್ತು. ಅದು ಸತ್ತರೆ ಇಡೀ ಕಾರು ಸತ್ತ ಹಾಗೇ. ಡಬ್ಲ್ಯುಎಸ್2812 ಕಣ್ಣಿಗೆ ಆರಿದ್ದರೂ ಒಂದೊಂದು ಎಲ್‌ಇಡಿ ಹತ್ತಿರ ಒಂದು ಮಿಲಿಆಂಪ್ ಎಳೆಯುತ್ತಲೇ ಇರುತ್ತದೆ. ಇಪ್ಪತ್ತು ಇದ್ದವು. ಬೋರ್ಡು, ಡಾಂಗಲ್ ಸೇರಿ 100 ಮಿಲಿಆಂಪ್ ಆಸುಪಾಸು. ದಿನಕ್ಕೆ 2.4 ಆಂಪ್‌ಅವರ್, ಹನ್ನೊಂದು ದಿನಕ್ಕೆ 26. ನಮ್ಮದು ಮೂರು ವರ್ಷ ಹಳೆಯ 35 ಆಂಪ್‌ಅವರಿನ ಬ್ಯಾಟರಿ. ಹೊಸದಕ್ಕೆ 4,800 ಕೊಟ್ಟೆ. ಹುಡುಗನಿಗೆ ಬೇಜಾರಾಗಿ ಎರಡು ದಿನ ಫೋನ್ ಎತ್ತಲಿಲ್ಲ. ತಪ್ಪು ಅವನದಲ್ಲ. ಕಾರು ಮಲಗಿದಾಗ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಮೀಟರ್ ಹಿಡಿದು ನೋಡಬೇಕಾದವನು ನಾನು.

ನಡುವೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಜಗಲಿಯಲ್ಲಿ ಮೂರು ಊಟದ ತಟ್ಟೆಗೆ ಸೋಪು ನೀರು ಹಾಕಿ, ಒಂದರ ಮೇಲೆ ಬಿಳಿ, ಒಂದರ ಮೇಲೆ ವಾರ್ಮ್ ವೈಟ್, ಇನ್ನೊಂದರ ಮೇಲೆ ಅಂಬರ್ ಸ್ಟ್ರಿಪ್ ತೂಗುಬಿಟ್ಟೆ. ಒಂದೇ ಉದ್ದ, ಒಂದೇ ಎತ್ತರ. ಮನೆಯ ಬೇರೆ ದೀಪ ಎಲ್ಲ ಆರಿಸಿ ಒಂದು ಗಂಟೆ ಬಿಟ್ಟೆವು. ಬಿಳಿಯ ತಟ್ಟೆಯಲ್ಲಿ ಎಣಿಸಲಾಗದಷ್ಟು ಹುಳ. ವಾರ್ಮ್ ವೈಟಿನಲ್ಲಿ ಅದರ ಅರ್ಧ ಇರಬಹುದು. ಅಂಬರ್ ತಟ್ಟೆಯಲ್ಲಿ ಹತ್ತೋ ಹನ್ನೆರಡೋ. ಮಾರನೇ ರಾತ್ರಿ ಜಾಗ ಅದಲು ಬದಲು ಮಾಡಿದರೂ ಫಲಿತಾಂಶ ಅದೇ. ಹುಳಗಳನ್ನು ಜಾಸ್ತಿ ಸೆಳೆಯುವುದು ನೀಲಿ ಬೆಳಕು, ಬಿಳಿ ಎಲ್‌ಇಡಿಯಲ್ಲಿ ಅದು ಧಾರಾಳ. ಆ ತಟ್ಟೆಗಳನ್ನು ಮನೆಯವರು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ, ಈಗ ಅಂಗಡಿಯಲ್ಲಿ ನಟ್ಟು ಬೋಲ್ಟು ಹಾಕಿಡಲು ಬಳಸುತ್ತೇನೆ.

ಈ ಅಂಬರ್‌ನಿಂದ ಇನ್ನೊಂದು ಲಾಭ. ಅಂಬರ್ ಎಲ್‌ಇಡಿ ಒಂದಕ್ಕೆ ಎರಡು ವೋಲ್ಟ್ ಸಾಕು. ಮೂರಕ್ಕೆ ಆರು, ಇನ್ನರ್ಧ ರೆಸಿಸ್ಟರ್ ಮೇಲೆ. 14.4 ಬಂದರೂ ಕರೆಂಟ್ ಏರುವುದು ನೂರಕ್ಕೆ ನಲವತ್ತು ಅಷ್ಟೇ, ಬಿಳಿಯ ಹಾಗೆ ಎರಡು ಪಟ್ಟಲ್ಲ. ಮೇಲೊಂದು ರೆಸಿಸ್ಟರ್ ಸರಣಿಯಲ್ಲಿ ಹಾಕಿದರೆ ಬಕ್ ಕನ್ವರ್ಟರೇ ಬೇಡ. ಕೆಡುವ ವಸ್ತು ಒಂದು ಕಡಿಮೆ. ಕೊಳ್ಳುವಾಗ ಒಂದು ಎಚ್ಚರ: ಬಿಳಿ ಎಲ್‌ಇಡಿಗೆ ಹಳದಿ ಬಣ್ಣ ಬಳಿದದ್ದನ್ನೂ ಅಂಬರ್ ಅಂತ ಮಾರುತ್ತಾರೆ. ಬೆಂಚ್ ಸಪ್ಲೈಗೆ ಹಾಕಿ ನಿಧಾನಕ್ಕೆ ಏರಿಸಿ. ಆರು ವೋಲ್ಟ್ ದಾಟುತ್ತಿದ್ದಂತೆ ಮಿಣುಕಿದರೆ ಅಸಲಿ. ಎಂಟು, ಒಂಬತ್ತರವರೆಗೆ ಸುಮ್ಮನಿದ್ದರೆ ನಕಲಿ.

ನಾಲ್ಕನೇ ಸಲ ಕರೆಂಟ್ ಎಲ್ಲಿಂದ ತೆಗೆಯುವುದು ಅನ್ನುವುದೇ ಮುಖ್ಯ ಪ್ರಶ್ನೆ ಆಯಿತು. ಗೆಳೆಯರೊಬ್ಬರು ಬಾಯಿಯ ಹಿಂದೆಯೇ ಇರುವ ಕಂಟ್ರೋಲ್ ಪೈಲಟ್ ತಂತಿಯಲ್ಲಿ (ಕಾರು, ಚಾರ್ಜರ್ ಮಾತಾಡಿಕೊಳ್ಳುವ ತಂತಿ) 12 ವೋಲ್ಟ್ ಇದೆಯಲ್ಲ, ಅಲ್ಲಿಂದಲೇ ತೆಗೆ ಅಂದರು. ಅದನ್ನು ಮಾತ್ರ ಮಾಡಬೇಡಿ. ಆ 12 ವೋಲ್ಟ್ ಚಾರ್ಜರಿನಿಂದ ಒಂದು ಕಿಲೋಓಮ್ ರೆಸಿಸ್ಟರ್ ದಾಟಿ ಬರುತ್ತದೆ. ಅದು 9ಕ್ಕೆ ಇಳಿದರೆ ಕಾರು ಬಂದಿದೆ, 6ಕ್ಕೆ ಇಳಿದರೆ ಚಾರ್ಜ್ ಕೊಡು ಅಂತ ಅರ್ಥ. ಹತ್ತು ಮಿಲಿಆಂಪ್ ಎಳೆದರೂ ಹತ್ತು ವೋಲ್ಟ್ ಬಿದ್ದುಹೋಗುತ್ತದೆ, ಚಾರ್ಜರಿಗೆ ಏನೂ ತಿಳಿಯುವುದಿಲ್ಲ. ದೊಡ್ಡ ಬ್ಯಾಟರಿಯ ಹೈವೋಲ್ಟೇಜ್ ಇರುವ ಕೇಸರಿ ಬಣ್ಣದ ಕೇಬಲ್ ಹತ್ತಿರ ಅಂತೂ ಕೈಯೇ ಹೋಗಬಾರದು. ನಾನು ಕೆಲಸ ಮಾಡುವಾಗ 12 ವೋಲ್ಟಿನ ನೆಗೆಟಿವ್ ಕಳಚಿಟ್ಟು, ಕೀಲಿಯನ್ನು ಮನೆಯವರ ಕೈಗೆ ಕೊಟ್ಟು ಕೂರುತ್ತಿದ್ದೆ.

ನಾನು ತೆಗೆದದ್ದು ಡಿಕ್ಕಿ ದೀಪದ ಲೈನಿನಿಂದ. ನಮ್ಮ ಕಾರಿನಲ್ಲಿ ಅದು ಬಾಗಿಲು ಅನ್‌ಲಾಕ್ ಆದಾಗ ಜೀವ ಪಡೆಯುತ್ತದೆ, ಹತ್ತು ನಿಮಿಷದ ಹೊತ್ತಿಗೆ ಕಾರೇ ಅದನ್ನು ಕತ್ತರಿಸುತ್ತದೆ. ನನಗೆ ಬೇಕಾದದ್ದೂ ಇದೇ. ಗನ್ ಹಾಕುವಾಗ ಬೆಳಕು, ಆಮೇಲೆ ಕತ್ತಲು. ಬೆಳಿಗ್ಗೆ ಐದಕ್ಕೆ ತೆಗೆಯುವಾಗ ರಿಮೋಟ್ ಒತ್ತಿದರೆ ಮತ್ತೆ ಹತ್ತು ನಿಮಿಷ. ಟೈಮರ್ ಬೇಡ, ಬೋರ್ಡ್ ಬೇಡ. ನಿಮ್ಮ ಗಾಡಿಯಲ್ಲಿ ಈ ಲೈನು ಪಾಸಿಟಿವ್ ಕಡೆ ಕತ್ತರಿಸುತ್ತದೋ ನೆಗೆಟಿವ್ ಕಡೆಯೋ ಅಂತ ಮೀಟರಿನಲ್ಲಿ ನೋಡಿಕೊಂಡೇ ಶುರು ಮಾಡಿ. ನಮ್ಮದರಲ್ಲಿ ದೀಪ ನಿಧಾನಕ್ಕೆ ಆರುವ ಶೋಕಿ ಇದೆ, ಆಗ ಅಂಬರ್ ಪಟಪಟ ಮಿಣುಕುತ್ತಿತ್ತು. ಒಂದು 1ಎನ್4007 ಡಯೋಡು, ಹಿಂದೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ನಿಂತಿತು. ಲೈನ್ ತೆಗೆದ ಜಾಗದಲ್ಲೇ ಒಂದು ಆಂಪಿನ ಫ್ಯೂಸ್ ಇದೆ. ಕಂಪನಿಯ ಒಂದು ತಂತಿಯನ್ನೂ ಕತ್ತರಿಸಿಲ್ಲ, ಜೆ.ಸಿ. ರೋಡಿನಲ್ಲಿ ಅದೇ ಸೈಜಿನ ಗಂಡು ಹೆಣ್ಣು ಕಪ್ಲರ್ ತಂದು ನಡುವೆ ಕವಲು ಮಾಡಿದೆ. ಕಳಚಿದರೆ ಕಾರು ಮೊದಲಿನ ಹಾಗೇ.

ಸ್ವಿಚ್ಚಿಗೆ ರೀಡ್ (ಗಾಜಿನ ಕೊಳವೆಯೊಳಗೆ ಇರುವ, ಮ್ಯಾಗ್ನೆಟ್ಟಿಗೆ ಕೆಲಸ ಮಾಡುವ ಸ್ವಿಚ್), ಮುಚ್ಚಳದಲ್ಲಿ ಮ್ಯಾಗ್ನೆಟ್. ಸಾಮಾನ್ಯ ರೀಡ್ ತಂದರೆ ಮುಚ್ಚಳ ಹಾಕಿದಾಗ ದೀಪ ಉರಿಯುತ್ತದೆ, ತೆಗೆದರೆ ಆರುತ್ತದೆ. ಮೂರು ಕಾಲಿನದ್ದು ಬೇಕು, ಮ್ಯಾಗ್ನೆಟ್ ಹತ್ತಿರ ಬಂದರೆ ಬಿಡುವ ಕಾಲಿಗೆ ಸೇರಿಸಬೇಕು. 60, 70 ರೂಪಾಯಿ. ನಾಲ್ಕು ತಂದಿಟ್ಟುಕೊಳ್ಳಿ, ಕಾಲು ಮಡಿಸುವಾಗ ಗಾಜು ಒಡೆಯುತ್ತದೆ. ನಾನು ಎರಡು ಒಡೆದೆ. ಗಾಜಿಗೂ ಮಡಿಕೆಗೂ ನಡುವೆ ಇಕ್ಕಳದಲ್ಲಿ ಹಿಡಿದು ಮಡಿಸಿದರೆ ಉಳಿಯುತ್ತದೆ. ರೀಡಿಗೆ ನೀರು ಹೋಗದ ಹಾಗೆ ತುಂಬಿದ್ದು ನಮ್ಮ ವೈಂಡಿಂಗ್ ವಾರ್ನಿಶ್ಶಿಗೆ ಇನ್ನೊಂದು ಪುಡಿ ಕಲಸಿ. ಆ ಹದ ನಮ್ಮ ಅಂಗಡಿಯದು, ಅದನ್ನು ಇಲ್ಲಿ ಹೇಳುವುದಿಲ್ಲ. ಮ್ಯಾಗ್ನೆಟ್ ಹೊರಗೆ ಕಾಣದ ಹಾಗೆ ಎಲ್ಲಿ ಕೂರಿಸಿದೆ ಅನ್ನುವುದನ್ನೂ ನೀವೇ ಹುಡುಕಿಕೊಳ್ಳಿ. ಸರ್ವಿಸ್ ಸೆಂಟರಿನ ಹುಡುಗ ಹತ್ತು ನಿಮಿಷ ಹುಡುಕಿದರೂ ಸಿಗಲಿಲ್ಲ.

ಸ್ಟ್ರಿಪ್ ಎರಡು ಸಣ್ಣ ತುಂಡು, ಮೂರು ಮೂರು ಎಲ್‌ಇಡಿ. ಗಡಿಯಾರದ 10 ಮತ್ತು 2 ಇರುವ ಕಡೆ, ಮೇಲಿನ ಅಂಚಿನ ಒಳಗೆ, ಕೆಳಮುಖವಾಗಿ. ಒಂದೇ ಕಡೆ ಹಾಕಿದರೆ ಗನ್ನಿನ ನೆರಳೇ ಪಿನ್ನುಗಳ ಮೇಲೆ ಬೀಳುತ್ತದೆ. ತಳದಲ್ಲಿ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಎರಡೂ ಸೇರಿ 30 ಮಿಲಿಆಂಪ್. ಕೆಳಗಿನ ಡಿಸಿ ಪಿನ್ನಿನ ರಬ್ಬರ್ ಮುಚ್ಚಳದ ಕಿವಿ ಕೂಡ ಕಾಣಿಸುತ್ತದೆ, ಅಷ್ಟು ಸಾಕು.

ಒಟ್ಟು ಲೆಕ್ಕ ಹಾಕಿದರೆ ಕೆಟ್ಟದ್ದು, ಸುಟ್ಟದ್ದು, ಬ್ಯಾಟರಿ, ಸ್ಕ್ಯಾನ್ ಎಲ್ಲ ಸೇರಿ ಎಂಟೂವರೆ ಸಾವಿರದ ಹತ್ತಿರ. ಈಗ ಯಾರಾದರೂ ಮಾಡಿಸಿಕೊಂಡರೆ ನಾನು 1,200 ತಗೋತೀನಿ, ಮೂರು ಗಂಟೆ ಕೆಲಸ. ಇಲ್ಲಿಯವರೆಗೆ ಐದು ಗಾಡಿಗೆ ಹಾಕಿದ್ದೇನೆ. ಐದೂ ಮಳೆ ತಡೆದುಕೊಂಡಿವೆ.

ಆರನೆಯದು ಭಾವನ ಕಾರು. ಹೋದ ಭಾನುವಾರ ಅವರೇ ತಂದು ಬಿಟ್ಟುಹೋದರು. ಅವರದರಲ್ಲಿ ಬಾಯಿ ಮುಂದುಗಡೆ ಇದೆ, ಡಿಕ್ಕಿಯ ಲೈನು ಅಲ್ಲಿವರೆಗೆ ಎಳೆಯುವುದು ಸರಿ ಬರುವುದಿಲ್ಲ. ಮುಚ್ಚಳದ ಬಿಜಾಗರಿ ಕಬ್ಬಿಣದ್ದು, ಮ್ಯಾಗ್ನೆಟ್ ಹತ್ತಿರ ತಂದರೆ ಅದಕ್ಕೇ ಹೋಗಿ ಅಂಟುತ್ತದೆ. ಹೆಡ್‌ಲೈಟ್ ಹಿಂದೆ ಪಾರ್ಕಿಂಗ್ ದೀಪದ ಲೈನು ಹತ್ತಿರದಲ್ಲೇ ಇದೆ, ಆದರೆ ಅದು ಅನ್‌ಲಾಕ್ ಮಾಡಿದಾಗ ಮೂವತ್ತು ಸೆಕೆಂಡ್ ಮಾತ್ರ ಉರಿಯುತ್ತದೆ. ಗನ್ ಹಾಕಲು ಮೂವತ್ತು ಸೆಕೆಂಡ್ ಸಾಕಾಗುತ್ತದಾ ಅಂತ ಇವತ್ತು ರಾತ್ರಿ ಅವರ ಕೈಯಲ್ಲೇ ಕೊಡೆ ಕೊಟ್ಟು ನೋಡಬೇಕು.