ಬಲೆ ಬೀಸಿದ ಗಾಜಿನ ಕೋಣೆಯ ನಾಲ್ಕನೆಯ ಬೇಸಿಗೆ

ಈ ಬೇಸಿಗೆಯ ಒಂದು ಮಧ್ಯಾಹ್ನ ಎರಡು ಗಂಟೆಗೆ ಹೊರಗೆ 30 ಡಿಗ್ರಿ ಇತ್ತು, ನನ್ನ ಗಾಜಿನ ಕೋಣೆಯೊಳಗೆ 32. ಎಸಿ ಇಲ್ಲ, ಕೂಲರ್ ಇಲ್ಲ. ಸೀಲಿಂಗ್ ಫ್ಯಾನ್ ಒಂದನೆಯ ಅಂಕೆಯಲ್ಲಿ ಸೋಮಾರಿಯಾಗಿ ತಿರುಗುತ್ತಿತ್ತು, ನಾನು ಕುರ್ಚಿಯಲ್ಲಿ ನಿದ್ದೆ ಹೋಗಿದ್ದೆ. ಗಾಜಿನ ಕೋಣೆ ಇಲ್ಲದವರಿಗೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಿಸುವುದಿಲ್ಲ. ಇರುವವರಿಗೆ ಅರ್ಥವಾಗುತ್ತದೆ: ಅದೇ ಕೋಣೆ, ಅದೇ ಗಾಜು, ಮೊದಲ ವರ್ಷ ಇಂಥದೇ ದಿನ 44 ತೋರಿಸಿತ್ತು.

ಕೋಣೆ ದೊಡ್ಡದೇನಲ್ಲ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮನೆಯ ಗೋಡೆಗೆ ಆತುಕೊಂಡ ಇಳಿಜಾರು ಗಾಜಿನ ಚಾವಣಿ. ಒಂದು ಪಕ್ಕ ಪಡುವಣಕ್ಕೆ ತೆರೆದಿದೆ. ಕಟ್ಟಿಸುವಾಗ ಪಡುವಣದ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆಯ ಬೆಳಕು ಚೆನ್ನಾಗಿ ಬರುತ್ತದೆ ಎಂದು ಖುಷಿಪಟ್ಟಿದ್ದೆ. ಬೆಳಕಿನ ಜೊತೆ ಏನು ಬರುತ್ತದೆ ಎಂಬುದು ಮೊದಲ ಬೇಸಿಗೆಯಲ್ಲೇ ತಿಳಿಯಿತು. ಗಿಡಗಳ ಎಲೆ ಸುಟ್ಟು ಕಂದಾಯಿತು, ಬೆತ್ತದ ಕುರ್ಚಿ ಲಟಲಟ ಎನ್ನತೊಡಗಿತು. "ಬೀಗ ಹಾಕಿಬಿಡಿ, ಹಳೆ ಸಾಮಾನು ಇಡಲು ಆಗುತ್ತದೆ" ಎಂದಳು ನನ್ನ ಹೆಂಡತಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ಒಳಗಡೆ ಪರದೆ. ಬಿಳಿಯ ದಪ್ಪ ಬಟ್ಟೆ, ಅಳತೆಗೆ ಹೊಲಿಸಿದ್ದು, ಚಾವಣಿಗೂ ಸೇರಿ. ನೋಡಲು ಸೊಗಸಾಗಿತ್ತು. 44 ಇದ್ದದ್ದು 41ಕ್ಕೋ 42ಕ್ಕೋ ಬಂತು. ಗಾಜು ದಾಟಿ ಬಂದ ಬಿಸಿಲು ಪರದೆಗೆ ಬಡಿಯುತ್ತದೆ, ಪರದೆ ಕಾಯುತ್ತದೆ, ಆ ಕಾವು ಕೋಣೆಯಲ್ಲೇ ಉಳಿಯುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆ ಪರದೆಗಳು ಈಗ ಒಳಮನೆಯ ಕಿಟಕಿಗಳಲ್ಲಿ ತೂಗುತ್ತಿವೆ, ಪೂರ್ತಿ ದಂಡವಾಯಿತು ಎನ್ನುವಂತಿಲ್ಲ.

ಆಮೇಲೆ ಎಸಿ. ಹಣದ ಲೆಕ್ಕವನ್ನು ಅದರಿಂದಲೇ ಹೇಳುತ್ತೇನೆ. ಎಸಿಗೆ ಕೊಟ್ಟ ಹಣವನ್ನು ನೂರು ಎಂದು ಇಟ್ಟುಕೊಳ್ಳಿ. ಒಳಪರದೆಗೆ ಸುಮಾರು ಐವತ್ತು ಹೋಗಿತ್ತು. ಎಸಿ ಚಕ್ರವಿರುವ ಬಗೆಯದು, ಒಂದೇ ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಡುವಂಥದ್ದು. ಒಂದೇ ಕೊಳವೆ ಎಂದರೆ ಕೋಣೆಯ ಗಾಳಿಯನ್ನೇ ಹೊರಗೆ ತಳ್ಳುತ್ತದೆ, ಅಷ್ಟೇ ಬಿಸಿಗಾಳಿ ಸಂದುಗೊಂದುಗಳಿಂದ ಒಳಗೆ ನುಗ್ಗುತ್ತದೆ. ಇದು ಕೊಳ್ಳುವ ಮೊದಲು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಇನ್ನೊಂದು ಲೆಕ್ಕವನ್ನೂ ನಾನು ತಡವಾಗಿ ಮಾಡಿದೆ. ನಡುಹಗಲಿನ ನೇರ ಬಿಸಿಲು ಚದರ ಮೀಟರಿಗೆ ಸಾವಿರ ವಾಟ್‌ನ ಹತ್ತಿರ ಇರುತ್ತದೆ. ನನ್ನ ಚಾವಣಿ ಹದಿಮೂರು ಚದರ ಮೀಟರ್. ಗಾಜು ತಡೆಯುವುದನ್ನು ಕಳೆದರೂ ಹತ್ತು ಕಿಲೋವಾಟ್ ಒಳಗಿಳಿಯುತ್ತದೆ, ಅಂದರೆ ಹತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟಂತೆ. ನನ್ನ ಎಸಿ ತೆಗೆದುಹಾಕುತ್ತಿದ್ದುದು ಮೂರೂವರೆ. ಎರಡು ತಿಂಗಳು ಓಡಿಸಿದೆ, ವಿದ್ಯುತ್ ಬಿಲ್ಲಿನಲ್ಲಿ ಇನ್ನೊಂದು ಮೂವತ್ತು ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಎರಡನೆಯ ಬೇಸಿಗೆಗೆ ಮುನ್ನ, ಗಾಜು ಹಾಕಿಕೊಟ್ಟವರ ಸಲಹೆಯಂತೆ ಒಳಮೈಗೆ ಸೋಲಾರ್ ಫಿಲ್ಮ್, ಅಂದರೆ ಬಿಸಿಲು ತಡೆಯುವ ತೆಳು ಹಾಳೆ, ಅಂಟಿಸಿದೆ. ನೂರರ ಲೆಕ್ಕದಲ್ಲಿ ನಲವತ್ತು ಹೋಯಿತು. ತಕ್ಕಮಟ್ಟಿಗೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. 38, 39ರ ಸುತ್ತ ನಿಂತಿತು. ಆದರೆ ಮೂರನೆಯ ವಾರದ ಒಂದು ಮಧ್ಯಾಹ್ನ ಬಂದೂಕು ಹಾರಿಸಿದಂತೆ ಸದ್ದಾಯಿತು. ಹೋಗಿ ನೋಡಿದರೆ ಒಂದು ಗಾಜು ಅಂಚಿನಿಂದ ಅಂಚಿಗೆ ಸೀಳಿತ್ತು. ನನ್ನದು ಕಾಯಿಸಿ ಹದ ಮಾಡಿದ (ಟೆಂಪರ್ಡ್) ಗಾಜಲ್ಲ, ಸಾಮಾನ್ಯ ಗಾಜು. ಫಿಲ್ಮ್ ಹೀರಿದ ಶಾಖಕ್ಕೆ ನಡುಭಾಗ ಕಾದಿದೆ, ಚೌಕಟ್ಟಿನೊಳಗೆ ಹುದುಗಿದ ಅಂಚು ತಣ್ಣಗಿದೆ, ಆ ಎಳೆದಾಟಕ್ಕೆ ಬಿರುಕು. ಸಲಹೆ ಕೊಟ್ಟವರು ಫೋನಿನಲ್ಲಿ "ಹಾಗೆ ಆಗುವುದೇ ಇಲ್ಲ" ಎಂದರು. ಸೀಳಿದ ಗಾಜು ನನ್ನ ಕಣ್ಣೆದುರಿಗೇ ಇತ್ತು. ಫಿಲ್ಮನ್ನು ಬ್ಲೇಡಿನಿಂದ ಕೆರೆದು ತೆಗೆಯಲು ನಾಲ್ಕು ಭಾನುವಾರ ಬೇಕಾದವು.

ಅಷ್ಟರಲ್ಲಿ ಬುದ್ಧಿ ಬಂದಿತ್ತು. ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು. ಮೊದಲು ಸುಣ್ಣ ಬಳಿದೆ. ಹಸಿರುಮನೆಯವರು ಹಿಂದಿನಿಂದಲೂ ಮಾಡುತ್ತಿದ್ದ ಕೆಲಸ, ಖರ್ಚು ಲೆಕ್ಕಕ್ಕೇ ಇಲ್ಲ. ಆದರೆ ನಾನು ಬಳಿದದ್ದು ಗೋಡೆಯ ಸುಣ್ಣ. ಅದರ ಕ್ಷಾರ ಅಲ್ಯೂಮಿನಿಯಂ ಚೌಕಟ್ಟನ್ನು ತಿಂದು ಬೂದುಬಣ್ಣದ ಕಲೆ ಉಳಿಸಿತು, ಆ ಕಲೆ ಇಂದಿಗೂ ಇದೆ. ಬಳಸಬೇಕಾದದ್ದು ಸೀಮೆಸುಣ್ಣದ ಪುಡಿ. ಅದು ಚೌಕಟ್ಟಿಗೆ ಏನೂ ಮಾಡುವುದಿಲ್ಲ, ಆದರೆ ಮೊದಲ ಮಳೆಗೇ ಇಳಿದುಹೋಗುತ್ತದೆ. ಬೇಸಿಗೆ ಮುಗಿಯುವವರೆಗೆ ನಿಂತು, ಆಮೇಲೆ ಒದ್ದೆ ಬಟ್ಟೆಗೆ ಸಲೀಸಾಗಿ ಬರುವಂತೆ ಅದಕ್ಕೆ ಬೆರೆಸಬೇಕಾದದ್ದೊಂದು ಇದೆ. ಅದೇನು ಎಂದು ಹೇಳುವುದಿಲ್ಲ. ಏಳೆಂಟು ಸಲ ಕೆಡಿಸಿ ಕಂಡುಕೊಂಡದ್ದು, ನೀವೂ ನಾಲ್ಕು ಸಲ ಕೆಡಿಸಿ. ಬೆಳಕು ಮಂಕಾಗುತ್ತದೆ ಎಂದು ಚಾವಣಿಗೆ ಈಗ ಅದನ್ನು ಬಳಿಯುವುದಿಲ್ಲ. ಬಲೆ ಕಟ್ಟಲಾಗದ ಪಕ್ಕದ ತ್ರಿಕೋನ ಗಾಜುಗಳಿಗೆ ಮಾತ್ರ.

ಬಲೆ ಎಂದೆನಲ್ಲ, ಅದು ಶೇಡ್ ನೆಟ್, ನೆರಳಿಗೆ ಕಟ್ಟುವ ಬಲೆ. ಮೂರನೆಯ ಬೇಸಿಗೆಯಲ್ಲಿ ಬಿಸಿಲಿನ ಶೇಕಡ 75ರಷ್ಟನ್ನು ತಡೆಯುವ ಕಪ್ಪು ಬಲೆ ತಂದು ಗಾಜಿನ ಮೇಲೆಯೇ ಹಾಸಿದೆ. ನನ್ನ ಭಾವಮೈದುನ ನೋಡಿ, "ಭಾವ, ಮನೆಗೇ ಬಲೆ ಬೀಸಿದ್ದೀರಲ್ಲ, ಯಾವ ಮೀನಿಗೆ?" ಎಂದ. ಅವನ ನಗು ಆ ದಿನಕ್ಕೆ ನ್ಯಾಯವೇ ಆಗಿತ್ತು, ಏಕೆಂದರೆ ಒಳಗೆ 40 ಇತ್ತು. ಬಲೆಯನ್ನು ಮುಟ್ಟಿ ನೋಡಿದೆ, ಕಾದ ಕಾವಲಿ. ಅದು ಹೀರಿದ ಕಾವು ನೇರವಾಗಿ ಗಾಜಿಗೆ ಇಳಿಯುತ್ತಿತ್ತು. ಆ ಸಂಜೆಯೇ ಅರ್ಧ ಇಂಚಿನ ಜಿ.ಐ. ಪೈಪ್ ತಂದು ಚೌಕಟ್ಟು ಕಟ್ಟಿ, ಬಲೆಯನ್ನು ಗಾಜಿನಿಂದ ಒಂದು ಗೇಣು, ಅಂದರೆ ಇಪ್ಪತ್ತು ಸೆಂಟಿಮೀಟರಿನಷ್ಟು, ಮೇಲಕ್ಕೆತ್ತಿದೆ. ಮರುದಿನ ಅದೇ ಹೊತ್ತಿಗೆ 37. ಬಲೆ ಅದೇ, ಬಿಸಿಲು ಅದೇ. ನಡುವೆ ಗಾಳಿ ಓಡಾಡಲು ಒಂದು ಗೇಣು ಜಾಗ, ಅದಕ್ಕೆ ಮೂರು ಡಿಗ್ರಿ.

ನಾಲ್ಕೇ ದಿನಕ್ಕೆ ಬೀಸಿದ ಗಾಳಿ ಬಲೆಯನ್ನು ಹಡಗಿನ ಪಟದಂತೆ ಉಬ್ಬಿಸಿ ಎರಡು ಪೈಪ್ ಬಗ್ಗಿಸಿಹಾಕಿತು. ತಂತಿಯಂತೆ ಬಿಗಿದು ಕಟ್ಟಿದ್ದೇ ತಪ್ಪು. ಈಗ ಮೇಲ್ಗಡೆ ಗಟ್ಟಿ ಕಟ್ಟು, ಕೆಳಗಡೆ ರಬ್ಬರ್ ಹಗ್ಗ. ಗಾಳಿ ಬಂದರೆ ಬಲೆ ಒಂದಿಷ್ಟು ಎದ್ದು ಮತ್ತೆ ಕೂರುತ್ತದೆ. ಮೋಡ ಕವಿದ ದಿನ ನೆಲದಲ್ಲಿ ನಿಂತು ಒಂದೇ ಹಗ್ಗ ಎಳೆದರೆ ಇಡೀ ಬಲೆ ಸುರುಳಿ ಸುತ್ತಿಕೊಳ್ಳುತ್ತದೆ. ಆ ಹಗ್ಗದ ಹಾದಿಯನ್ನು ಬಿಡಿಸಿ ಬರೆಯುವುದಿಲ್ಲ. ಎರಡು ರಾಟೆ ಬೇಕು ಎನ್ನುವಷ್ಟು ಹೇಳಬಲ್ಲೆ. ಕಪ್ಪು ಬಲೆಯನ್ನೂ ಬದಲಿಸಿ, ಅಲ್ಯೂಮಿನಿಯಂ ಪಟ್ಟಿಯ ಬೆಳ್ಳಿಬಣ್ಣದ್ದನ್ನು ಹಾಕಿದೆ. ಬೆಲೆ ಎರಡೂವರೆ ಪಟ್ಟು, ಲಾಭ ಒಂದು ಡಿಗ್ರಿ ಚಿಲ್ಲರೆ. ಕೈಯಲ್ಲಿ ಹಣವಿದ್ದರೆ ಹಾಕಿ, ಇಲ್ಲದಿದ್ದರೆ ಎತ್ತರಿಸಿ ಕಟ್ಟಿದ ಕಪ್ಪು ಬಲೆಯೇ ಸಾಕು. ಪೈಪ್, ಬಲೆ, ಹಗ್ಗ ಎಲ್ಲ ಸೇರಿ ನೂರರ ಲೆಕ್ಕದಲ್ಲಿ ಇಪ್ಪತ್ತೆರಡೋ ಇಪ್ಪತ್ತಮೂರೋ.

ಈ ನಡುವೆ ಮಾಡಿದ ಕೆಲವು ಹುಚ್ಚಾಟಗಳನ್ನೂ ಹೇಳಿಬಿಡುತ್ತೇನೆ. ನೀರು ತುಂಬಿದ ಇನ್ನೂರು ಲೀಟರಿನ ಎರಡು ಡ್ರಮ್‌ಗಳನ್ನು ಒಳಗಿಟ್ಟೆ, ಹಗಲು ಕಾವು ಹೀರಿ ರಾತ್ರಿ ಬಿಡಲಿ ಎಂದು. ಒಂದು ಡ್ರಮ್ ಹತ್ತು ಡಿಗ್ರಿ ಕಾಯಲು, ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ, ಎರಡು ಯೂನಿಟ್ ಚಿಲ್ಲರೆ ಶಾಖ ಬೇಕು, ಸರಿ. ಆದರೆ ಕೋಣೆಗೆ ದಿನಕ್ಕೆ ಇಳಿಯುತ್ತಿದ್ದುದು ಐವತ್ತು ಯೂನಿಟ್‌ಗೂ ಹೆಚ್ಚು. ಡ್ರಮ್‌ಗಳಿಂದ ಆದದ್ದು ಕಾಲಿಗೆ ಪೆಟ್ಟು ಮಾತ್ರ. ಚಾವಣಿಯ ಮೇಲೆ ನೀರು ತೊಟ್ಟಿಕ್ಕಿಸಿದೆ. ಇದು ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಯೂನಿಟ್‌ನ ಮೂರರಲ್ಲಿ ಎರಡು ಪಾಲು ಶಾಖವನ್ನು ಒಯ್ಯುತ್ತದೆ. ಆದರೆ ನನ್ನದು ಗಡಸು ನೀರು. ಎರಡೇ ವಾರಕ್ಕೆ ಗಾಜಿನ ಮೇಲೆ ಬಿಳಿ ಹೊಪ್ಪಳೆ ಕಟ್ಟಿ, ಅದನ್ನು ತೆಗೆಯುವುದು ಫಿಲ್ಮ್ ಕೆರೆದದ್ದಕ್ಕಿಂತ ಕಷ್ಟವಾಯಿತು. ಒಳಗೆ ಒದ್ದೆ ಬಟ್ಟೆ ತೂಗುಹಾಕಿದ ದಿನ ಥರ್ಮಾಮೀಟರ್ ಇಳಿಯಿತು, ಮೈಯ ಬೆವರು ಮಾತ್ರ ಆರಲಿಲ್ಲ. ಇನ್ನು ಥರ್ಮಾಮೀಟರ್ ವಿಷಯ. ಮೊದಲ ವರ್ಷ ಅದನ್ನು ಬಿಸಿಲು ಬೀಳುವಲ್ಲೇ ತೂಗುಹಾಕಿ "54 ಡಿಗ್ರಿ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಗಾಳಿಯ ಬಿಸಿಯಲ್ಲ, ಥರ್ಮಾಮೀಟರಿನದೇ ಬಿಸಿ. ಇಲ್ಲಿ ಕೊಟ್ಟ ಅಂಕಿಗಳೆಲ್ಲ ನೆರಳಿನಲ್ಲಿ, ಎದೆಮಟ್ಟದಲ್ಲಿ ನೋಡಿದವು. ನೆನಪಿನಿಂದ ಬರೆಯುತ್ತಿದ್ದೇನೆ, ಒಂದರ್ಧ ಡಿಗ್ರಿ ಆಚೀಚೆ ಇರಬಹುದು.

ಬಲೆಯಿಂದ 36ರ ಆಸುಪಾಸಿಗೆ ಬಂದು ನಿಂತ ಮೇಲೆ ಉಳಿದದ್ದು ಚಾವಣಿಯ ಅಡಿಯಲ್ಲಿ ಹೆಪ್ಪುಗಟ್ಟಿದ ಬಿಸಿಗಾಳಿ. ಏಣಿ ಹತ್ತಿ ತಲೆ ಮೇಲೆತ್ತಿದರೆ ಬಾಣಲೆಗೆ ಮುಖ ಒಡ್ಡಿದಂತಿತ್ತು. ಗೋಡೆಗೆ ತಾಗುವ ಅತಿ ಎತ್ತರದ ಎರಡು ಗಾಜು ತೆಗೆದು ಎತ್ತುವ ಮುಚ್ಚಳ ಮಾಡಬೇಕು ಎಂದಾಗ ವೆಲ್ಡಿಂಗ್ ಕೆಲಸದವನು ಒಪ್ಪಲೇ ಇಲ್ಲ. "ಸೋರುತ್ತದೆ ಸಾರ್, ಆಮೇಲೆ ನನ್ನನ್ನು ಬೈಯಬೇಡಿ" ಎಂದ. ಮಾಡಿಸಿದೆ. ಬಿಸಿ ಏರಿದಂತೆ ತಾನೇ ಎತ್ತಿಕೊಳ್ಳಲಿ ಎಂದು ಮೇಣದ ಉರುಳೆಯ ಎತ್ತುಗವನ್ನು ಹಾಕಿದೆ. ಒಳಗಿನ ಮೇಣ ಕಾದು ಹಿಗ್ಗಿ ದಂಡವನ್ನು ತಳ್ಳುತ್ತದೆ, ವಿದ್ಯುತ್ ಬೇಡ. ಅದರ ಮೇಲೆ ಏಳು ಕಿಲೋ ಎತ್ತುತ್ತದೆ ಎಂದು ಬರೆದಿತ್ತು. ನನ್ನ ಗಾಜಿನ ಮುಚ್ಚಳ ಚೌಕಟ್ಟು ಸೇರಿ ಹತ್ತು ಕಿಲೋ ಮೀರಿತ್ತು. ಮೊದಲನೆಯ ಎತ್ತುಗ ಒಂದೇ ವಾರದಲ್ಲಿ ಬಗ್ಗಿತು. ಗಾಜು ಬಿಟ್ಟು ಹತ್ತು ಮಿಲಿಮೀಟರಿನ ಜೋಡಿಪದರದ ಪಾಲಿಕಾರ್ಬೊನೇಟ್ ಹಾಳೆ ಹಾಕಿದೆ, ಹಾಲುಬಣ್ಣದ್ದು. ಅದು ಚದರ ಮೀಟರಿಗೆ ಎರಡು ಕಿಲೋ ಕೂಡ ತೂಗುವುದಿಲ್ಲ. ಮುಚ್ಚಳ ಎದ್ದಾಗ ಬಲೆಗೆ ತಗಲುತ್ತಿತ್ತು, ಹಾಗಾಗಿ ಬಲೆಯನ್ನು ಮುಚ್ಚಳದ ಕೆಳಗಿನ ಅಂಚಿಗೇ ನಿಲ್ಲಿಸಿದೆ. ಹಾಲುಬಣ್ಣದ ಹಾಳೆಗೆ ಬಲೆಯ ಅಗತ್ಯವೂ ಇಲ್ಲ.

ಇಷ್ಟು ಮಾಡಿದರೂ ಇಳಿದದ್ದು ಒಂದೇ ಡಿಗ್ರಿ. ಎರಡು ದಿನ ತಲೆಕೆಟ್ಟು ಕುಳಿತೆ. ಎಕ್ಸಾಸ್ಟ್ ಫ್ಯಾನ್ ಕೂಡ ಹಾಕಿ ನೋಡಿದೆ, ಮನೆಯೊಳಗಿನ ಬಾಗಿಲು ಧಡಾರನೆ ಬಡಿದುಕೊಂಡಿತು. ಆ ಬಾಗಿಲೇ ಉತ್ತರ ಹೇಳಿತು. ಗಾಳಿ ಹೊರಗೆ ಹೋಗಲು ದಾರಿ ಮಾಡಿದ್ದೆ, ಒಳಗೆ ಬರಲು ಮಾಡಿರಲಿಲ್ಲ. ನೆರಳಿನ ಪಕ್ಕದಲ್ಲಿ ನೆಲಮಟ್ಟದ ಮೂರು ಗಾಜುಗಳನ್ನು ತೆರೆಯುವಂತೆ ಮಾಡಿಸಿದೆ, ಸೊಳ್ಳೆಪರದೆಯ ಜಾಲರಿ ಸಹಿತ. ಸೊಳ್ಳೆಜಾಲರಿ ಗಾಳಿಯನ್ನು ಚೆನ್ನಾಗಿಯೇ ತಡೆಯುತ್ತದೆ, ಕಿಂಡಿಯ ಅಳತೆಯನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡಿ. ನನ್ನವು ಸೇರಿ ಒಂದು ಚದರ ಮೀಟರಿನ ಮೇಲೆ. ತೆರೆದ ದಿನ ತೆಳು ಕಾಗದದ ಪಟ್ಟಿಯೊಂದನ್ನು ಕಿಂಡಿಯ ಎದುರು ಹಿಡಿದೆ. ಅದು ಒಳಮುಖವಾಗಿ ಎದ್ದು ನಿಂತಿತು. ಫ್ಯಾನ್ ಆಫ್ ಆಗಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. "ಸರಿ, ಕಾಗದ ಅಲ್ಲಾಡಿತು, ಅದಕ್ಕೆ ಇಷ್ಟು ಕುಣಿಯಬೇಕೇ?" ಎಂದಳು. ಆದರೆ ಆ ವಾರದಿಂದ ಅವಳ ಹೊಲಿಗೆ ಯಂತ್ರ ಗಾಜಿನ ಕೋಣೆಗೆ ಬಂದು ಸೇರಿದೆ, ನನಗೆ ಉಳಿದಿರುವುದು ಒಂದು ಮೂಲೆ.

ಎಕ್ಸಾಸ್ಟ್ ಫ್ಯಾನ್ ಈಗ ಎಲೆಯೂ ಅಲ್ಲಾಡದ ದಿನಗಳಲ್ಲಿ ಮಾತ್ರ ಓಡುತ್ತದೆ. ಕೋಣೆಯ ಗಾಳಿ ನಿಮಿಷಕ್ಕೊಮ್ಮೆ ಬದಲಾಗುವಷ್ಟು ದೊಡ್ಡದನ್ನು ಆರಿಸಿದ್ದೇನೆ. ರಾತ್ರಿ ಮೇಲಿನ ಮುಚ್ಚಳ ತಣ್ಣಗಾಗಿ ತಾನೇ ಮುಚ್ಚಿಕೊಳ್ಳುವುದು ಒಂದು ತೊಡಕು. ನೆಲದ ಕಲ್ಲಿನ ಕಾವು ಹೋಗಲು ಅದು ತೆರೆದಿರಬೇಕು, ಅದಕ್ಕೆ ಒಂದು ಮರದ ತುಂಡು ಸಿಕ್ಕಿಸುತ್ತೇನೆ. ಮುಚ್ಚಳ, ಕಿಂಡಿ, ಎತ್ತುಗ, ಹಾಳಾದ ಎತ್ತುಗವನ್ನೂ ಸೇರಿಸಿ, ಸುಮಾರು ಮೂವತ್ತು. ಅಂದರೆ ಗೆದ್ದದ್ದಕ್ಕೆ ಐವತ್ತರ ಚಿಲ್ಲರೆ, ಸೋತದ್ದಕ್ಕೆ ಇನ್ನೂರ ಇಪ್ಪತ್ತು. ಎಸಿಯನ್ನು ಮೂವತ್ತಕ್ಕೆ ಮಾರಿದೆ, ಕೊಂಡವನಿಗೆ ಗಾಜಿನ ಕೋಣೆ ಇದೆಯೇ ಎಂದು ನಾನು ಕೇಳಲಿಲ್ಲ. ಮಳೆಗಾಲವೂ ಬಂದು ಹೋಯಿತು, ಮುಚ್ಚಳ ಸೋರಲಿಲ್ಲ. ವೆಲ್ಡಿಂಗ್‌ನವನಿಗೆ ಫೋನ್ ಮಾಡಿಯೇ ಹೇಳಿದೆ.

ಪಡುವಣ ಪಕ್ಕಕ್ಕೆ ಗಾಜಿನಿಂದ ಒಂದು ಮೊಳ ದೂರದಲ್ಲಿ ನೇರ ಇಳಿಬಿಟ್ಟ ಇನ್ನೊಂದು ಬಲೆ ಇದೆ. ಇಳಿಬಿಸಿಲಿಗೆ ಚಾವಣಿಯ ಬಲೆ ಯಾವ ಉಪಯೋಗಕ್ಕೂ ಬಾರದು. ಆದರೂ ಸಂಜೆ ಸೂರ್ಯ ತೀರಾ ಕೆಳಗಿಳಿದಾಗ ಅದರ ಅಂಚಿನಡಿಯಿಂದ ಇಪ್ಪತ್ತು ನಿಮಿಷ ಬಿಸಿಲು ತೂರಿ ಸರಿಯಾಗಿ ನನ್ನ ಕುರ್ಚಿಯ ಮೇಲೆ ಬೀಳುತ್ತದೆ. ಬಲೆಯನ್ನು ಇನ್ನೂ ಕೆಳಕ್ಕೆ ಇಳಿಸಿದರೆ ಬಾಗಿಲು ತೆರೆಯಲಾಗುವುದಿಲ್ಲ. ಸದ್ಯಕ್ಕೆ ಕುರ್ಚಿಯನ್ನೇ ಹೊಲಿಗೆ ಯಂತ್ರದ ಪಕ್ಕಕ್ಕೆ ಎಳೆದುಕೊಳ್ಳುತ್ತೇನೆ.